ಹವಳದ ಮೇಲಿನ ಬೆಳಕು

ಅಕ್ಟೋಬರ್ 3, ಬೆಳಿಗ್ಗೆ 7
ಮನೆಯ ಹಾಲ್‌ನಲ್ಲಿರುವ ಅಕ್ವೇರಿಯಂಗೆ ಪಾರ್ ಮೀಟರಿನ ಕಡ್ಡಿ ಇಳಿಸಿ ಬೆಳಕು ಅಳೆದೆ. ಮೇಲಿನ ಬಂಡೆಯಲ್ಲಿ 210, ಮರಳಿನ ಹತ್ತಿರ 90. ಹೋದ ತಿಂಗಳೂ ಇಷ್ಟೇ. ಆದರೂ ಹವಳವೆಲ್ಲ ಮಂಕಾಗಿ ಕಾಣುತ್ತಿದೆ. ಮೀಟರ್ ಕೆಟ್ಟಿರಬೇಕು. ಶೇಕಡಾ ಅರವತ್ತರಲ್ಲಿದ್ದ ದೀಪವನ್ನು ಎಪ್ಪತ್ತೈದಕ್ಕೆ ಏರಿಸಿದೆ. ಮಧ್ಯಾಹ್ನ ಟಗ್ ಡ್ಯೂಟಿ — ಎರಡು ಹಡಗು ಬಂದರಿಗೆ ಎಳೆದು ತರಬೇಕು.

ಅಕ್ಟೋಬರ್ 9
ಮೇಲಿನ ಬಂಡೆಯಲ್ಲಿ 262. ಇನ್ನೂ ಮಂಕು. ತೊಂಬತ್ತಕ್ಕೆ ಏರಿಸಿದೆ.
ಹೆಂಡತಿ ಮುನೀರಾ ಕಪ್ಪು ಕನ್ನಡಕ ಹಾಕಿಕೊಂಡೇ ಚಹಾ ತಂದಳು. "ಅಬೂ ಗಾನಿಮ್, ಇದು ಮನೆಯೋ ಆಪರೇಷನ್ ಥಿಯೇಟರೋ? ಹೊಟ್ಟೆ ಕೊಯ್ಯೋದಿದ್ರೆ ಮೊದಲೇ ಹೇಳಿ, ತಿಂಡಿ ತಿನ್ನಲ್ಲ."
ನಕ್ಕೆ. ಅವಳು ನಗಲಿಲ್ಲ.

ಅಕ್ಟೋಬರ್ 14
ಒಂಬತ್ತು ವರ್ಷ ಸಾಕಿದ ಕೊಂಬಿನ ಹವಳ. ತುದಿಗಳೆಲ್ಲ ಬಿಳಿಚಿಕೊಂಡಿವೆ. ಮುನೀರಾ ತೋರಿಸಿದ ಮೇಲೆ ಕಂಡಿತು.
ಅಕ್ವೇರಿಯಂ ಅಂಗಡಿಯ ದಾವೂದ್ ತನ್ನ ಹೊಸ ಮೀಟರ್ ತಂದ. ಅವನದು 317, ನನ್ನದು 315.
"ನಿಮ್ಮ ಮೀಟರ್ ಸರಿಯಾಗೇ ಇದೆ ಕ್ಯಾಪ್ಟನ್. ಬೆಳಕು ಜಾಸ್ತಿಯಾಗಿ ಹವಳ ಬೇಯ್ತಾ ಇದೆ. ಇಷ್ಟು ಬೆಳಕು ನಿಮ್ಮ ಕಣ್ಣಿಗೆ ಹೊಡೀತಿಲ್ವಾ?"
ಅವನೇ ದೀಪವನ್ನು ಮತ್ತೆ ಅರವತ್ತಕ್ಕೆ ಇಳಿಸಿದ. ಹಾಲ್‌ನಲ್ಲಿ ಸಂಜೆಯಾದಂತಾಯಿತು. ಗಂಟೆ ಬೆಳಿಗ್ಗೆ ಹನ್ನೊಂದು.

ಅಕ್ಟೋಬರ್ 15
ಅಪ್ಪನಿಗೆ ಐವತ್ತಾರಕ್ಕೆ ಕಣ್ಣು ಮಂಕಾಗಲು ಶುರುವಾಯಿತು. ಅರವತ್ತಕ್ಕೆ ಗೋಡೆ ಹಿಡಿದು ನಡೆಯುತ್ತಿದ್ದರು.
ನನಗೀಗ ಐವತ್ತೈದು.

ಅಕ್ಟೋಬರ್ 27
ನಿನ್ನೆ ಸಂಜೆ ಟಗ್ ನಡೆಸುವಾಗ ಬಲಗಡೆಯಿಂದ ಮೀನಿನ ದೋಣಿ ಬಂತು. ಕಾಣಲೇ ಇಲ್ಲ. ನನ್ನ ಸಹಾಯಕ ಖಮೀಸ್ ನನ್ನ ಕೈ ಮೇಲೆಯೇ ಕೈಯಿಟ್ಟು ಚುಕ್ಕಾಣಿ ತಿರುಗಿಸಿದ. ದೋಣಿಯಲ್ಲಿ ಆರು ಜನರಿದ್ದರಂತೆ.
ಆಮೇಲೆ ಕೇಳಿದ, "ನೌಖದಾ, ನಿದ್ದೆ ಸಾಕಾಗ್ಲಿಲ್ವಾ?" ಕ್ಯಾಪ್ಟನ್‌ಗೆ ಅವನು ನೌಖದಾ ಎಂದೇ ಅನ್ನುವುದು.
ಹೌದು ಎಂದೆ. ಇಪ್ಪತ್ತು ವರ್ಷದ ಜೊತೆಗಾರನಿಗೆ ಹೇಳಿದ ಮೊದಲ ಸುಳ್ಳು.
ಕಣ್ಣಿನ ಪರೀಕ್ಷೆ ನವೆಂಬರ್ 12ಕ್ಕೆ. ಅಲ್ಲಿಯವರೆಗೆ ಹಗಲು ಪಾಳಿ ಕೇಳಬಹುದು. ಯಾಕೆ ಅಂತ ಕೇಳುತ್ತಾರೆ…

ನವೆಂಬರ್ 2
ಊಟಕ್ಕೆ ಕೂತಿದ್ದೆವು. ಮುನೀರಾ ನೀರಿನ ಲೋಟವನ್ನು ನನ್ನ ಕೈಗೇ ತಂದಿಟ್ಟಳು.
"ಎದುರಿಗಿರೋ ಲೋಟಾನ ತಡವರಿಸಿ ಹುಡುಕ್ತಿದ್ರಿ. ವಾರದಿಂದ ನೋಡ್ತಿದೀನಿ. ಬಂದರಿನವರಿಗೆ ನೀವು ಹೇಳ್ತೀರೋ, ನಾನೇ ಹೇಳ್ಲೋ?"
"ನಾಳೆ ಹೇಳ್ತೀನಿ."
"ಹೇಳದೆ ಟಗ್ ಹತ್ತಬೇಡಿ. ನಿಮ್ಮ ಜೊತೆ ಇರೋರಿಗೂ ಮನೆ ಇದೆ."

ನವೆಂಬರ್ 3, ಸಂಜೆ 5.20, ಟಗ್‌ನಲ್ಲಿ
ಹೇಳಲಿಲ್ಲ. ಆಫೀಸಿನ ಬಾಗಿಲವರೆಗೆ ಹೋಗಿ ವಾಪಸ್ ಬಂದೆ.
ಧೂಳು ಎದ್ದಿದೆ. ಎಣ್ಣೆ ಹಡಗಿಗೆ ಕಾಯುತ್ತಿದ್ದೇವೆ.
ಖಮೀಸ್ ಬೆರಳು ಚಾಚಿದ. "ಅಗೋ ನೌಖದಾ, ಮೂರು ದೀಪ. ಹಡಗು ಹತ್ತಿರಾನೇ ಬಂದ್ಬಿಡ್ತು."
ನನಗೆ ಒಂದೂ ಕಾಣುತ್ತಿಲ್ಲ.
ಎಂಜಿನ್ ಶುರುವಾಯಿತು. ಖಮೀಸ್ ಚುಕ್ಕಾಣಿ ಬಿಟ್ಟು, ನನಗೆ ಜಾಗ ಮಾಡಿಕೊಟ್ಟು ನಿಂತಿದ್ದಾನೆ. ಕೆಳಗೆ ಹಗ್ಗದ ಹತ್ತಿರ ನಾಲ್ಕು ಜನ. ಈಗಲೇ ಹೇಳಬೇಕು. ಖಮೀಸ್, ನೀನೇ ನಡೆಸು, ನನಗೆ ಕಣ್ಣು ಕಾಣ—