ತಟ್ಟೆಯಲ್ಲಿಟ್ಟ ಹೆಸರು

ಅಡ್ಯಾರ್, ಚೆನ್ನೈ
೧೪ ಜುಲೈ ೨೦೨೫

ಪ್ರೀತಿಯ ಜಯಕ್ಕಾ,

ಮೈಸೂರಿನ ಚಳಿಗಾಳಿಗೆ ನಿನ್ನ ಭುಜದ ನೋವು ಹೇಗಿದೆ? ಕೈ ಎತ್ತಿ ಜಡೆ ಹಾಕಿಕೊಳ್ಳಲು ಆಗುತ್ತದೆಯೇ? ನನ್ನ ಫೋನು ನೀನು ಎತ್ತುವುದಿಲ್ಲ, ಅದಕ್ಕೇ ಕಾಗದ. ಅಪ್ಪ ವಾಕರ್ ಹಿಡಿದು ಬಾಲ್ಕನಿಯವರೆಗೆ ಹೋಗುತ್ತಾರೆ. ಉಳಿದ ಕಾಲಿನ ಉಗುರು ನಾನೇ ಕತ್ತರಿಸುತ್ತೇನೆ. "ನೀನೊಬ್ಬ ಇದ್ದೀಯಲ್ಲ, ಸಾಕು" ಎನ್ನುತ್ತಾರೆ. ಆ ಮಾತು ಬಂದಾಗ ನಾನು ಕತ್ತರಿಯನ್ನೇ ನೋಡುತ್ತಿರುತ್ತೇನೆ.

ನನ್ನ ಲೇಖನ ವಿಜ್ಞಾನ ಪತ್ರಿಕೆಯಿಂದ ತಿದ್ದಲೆಂದು ವಾಪಸು ಬಂದಿದೆ. ಗಾಯದಲ್ಲಿ ಕಸ ನುಂಗುವ ಜೀವಕಣಗಳು, ಮ್ಯಾಕ್ರೊಫೇಜ್, ನಿನಗೆ ಗೊತ್ತಲ್ಲ. ಉರಿಯೂತ ಹೆಚ್ಚಿಸುವವು ಎಂ-ಒನ್, ಮಾಯಿಸುವವು ಎಂ-ಟು ಎಂದು ಇಪ್ಪತ್ತು ವರ್ಷ ಬರೆದೆ. ಅದು ಗಾಜಿನ ತಟ್ಟೆಯಲ್ಲಿ ಕಣ ಬೆಳೆಸಿ, ನಾವೇ ಮದ್ದು ಹಾಕಿ ಕೆರಳಿಸಿ ಇಟ್ಟ ಹೆಸರು. ದೇಹದೊಳಗೆ ಒಂದೇ ಕಣ ಎರಡರ ಗುರುತನ್ನೂ ಹೊತ್ತಿರುತ್ತದೆ. ವಿಮರ್ಶಕ ಬರೆದಿದ್ದಾನೆ: ಹೆಸರು ಬೇಡ, ಏನು ಕೊಟ್ಟಿರಿ, ಯಾವಾಗ, ಏನು ಕಂಡಿತು, ಅಷ್ಟು ಹೇಳಿ. ನಲವತ್ತೊಂದು ಕಡೆ ತಿದ್ದುತ್ತಾ ಕೂತಿದ್ದೇನೆ.

ಕಳೆದ ವರ್ಷ ಅಪ್ಪನ ಕಾಲಿನ ಗಾಯ ಮಾಯದೆ, ಹೆಬ್ಬೆರಳು ತೆಗೆಯಲೇಬೇಕು ಎಂದು ಡಾಕ್ಟರು ಹೇಳಿದಾಗ, ಗಾಯದ ಚೂರೊಂದನ್ನು ಲ್ಯಾಬಿಗೆ ಒಯ್ದು ಬಣ್ಣ ಹಾಕಿ ನೋಡಿದವನು ನಾನು. ಒಂದೇ ಒಂದು ಗುರುತು ಕಂಡು, ಎಲ್ಲಾ ಎಂ-ಟು, ಮಾಯುತ್ತದೆ, ಕಾಯೋಣ ಎಂದೆ. ಆಸ್ಪತ್ರೆಯ ಮೆಟ್ಟಿಲಲ್ಲಿ ನೀನು, "ಅದು ನಿನ್ನ ತಟ್ಟೆ ಅಲ್ಲ ಕಣೋ, ಅಪ್ಪನ ಕಾಲು" ಎಂದೆ. ನಾನು ನಕ್ಕೆ. ಮೂರು ವಾರ ಕಾದೆವು. ಮೊಣಕಾಲಿನ ಕೆಳಗೆ ಕತ್ತರಿಸಿದರು.

ನಿನ್ನೆ ಅನು ತನ್ನ ತಮಿಳಿನಲ್ಲಿ, "ತಾತಾ, ಅತ್ತೈ ಎಪ್ಪೋ ವರುವಾಂಗ?" ಎಂದಳು, ನೀನು ಯಾವಾಗ ಬರುತ್ತೀ ಎಂದು. ಅಪ್ಪ ಗೋಡೆಯ ಕಡೆ ತಿರುಗಿಕೊಂಡರು. ತಮ್ಮ ಫೋನಿನಿಂದ ನಿನ್ನ ನಂಬರು ಅವರು ಅಳಿಸಿದ್ದು ಯಾಕೆಂದು ನೀನು ಎರಡು ಸಲ ಬರೆದು ಕೇಳಿದ್ದೆ. ವಯಸ್ಸಾಯಿತು, ಬಿಡು ಎಂದು ಉತ್ತರಿಸಿದ್ದೆ.

ಭಾವನಿಗೆ ನಮಸ್ಕಾರ. ಭುಜಕ್ಕೆ ಬಿಸಿನೀರಿನ ಶಾಖ ಕೊಡುವುದನ್ನು ಬಿಡಬೇಡ.

ನಿನ್ನ ತಮ್ಮ,
ಗುರುಚರಣ

ತಾ.ಕ.: ವಿಮರ್ಶಕ ಕೇಳಿದ ಹಾಗೇ ಬರೆಯುತ್ತೇನೆ. ಆಗಸ್ಟ್ ಒಂಬತ್ತು, ಆಪರೇಷನ್ನಿನ ಮರುದಿನ ಬೆಳಗ್ಗೆ. "ಬೆರಳು ತೆಗೀಬೇಡಿ ಅಂದಿದ್ದು ಯಾರೋ?" ಎಂದು ಅಪ್ಪ ಕೇಳಿದರು. ನಾನು "ಅಕ್ಕ" ಎಂದೆ. ಈ ಕಾಗದ ಮಡಚಿಟ್ಟು, ಈಗ ಹೋಗಿ ನಿಜ ಹೇಳಿಬಂದೆ. ಅವರು ನನ್ನ ಕೈಯಿಂದ ಉಗುರು ಕತ್ತರಿ ಇಸಿದುಕೊಂಡರು. ಭಾನುವಾರ ಹತ್ತು ಗಂಟೆಗೆ ನನ್ನ ನಂಬರಿನಿಂದ ಫೋನು ಬರುತ್ತದೆ. ಎತ್ತು. ಮಾತಾಡುವುದು ನಾನಲ್ಲ.