ಒಡೆಟ್‌ಗೆ ಒಂದು ಫೋನು

ಜನವರಿ ೧೭, ಬುಧವಾರ. ನ್ಯಾಶುವಾ

ಆ ಮುದುಕನ ದನಿ ಕಿವಿ ಬಿಟ್ಟು ಹೋಗುತ್ತಿಲ್ಲ.

ಮುಂದಿನ ಮಂಗಳವಾರ ಪ್ರೈಮರಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಮತದಾರರೇ ಆರಿಸುವ ಚುನಾವಣೆ. ಸಮೀಕ್ಷೆ ಕಚೇರಿಯಲ್ಲಿ ಕೂತು, ಖಂಡಿತ ಮತ ಹಾಕುವವರ ಪಟ್ಟಿ ಹಿಡಿದು, ಯಾರಿಗೆ ಹಾಕ್ತೀರಿ ಅಂತ ಇಡೀ ದಿನ ಫೋನಿನಲ್ಲಿ ಕೇಳಿದೆ. ಬೈದವರೇ ಹೆಚ್ಚು. ಒಡೆಟ್ ಪೆಲ್ಟಿಯೆ ಒಂದು ಪ್ರೈಮರಿಯನ್ನೂ ತಪ್ಪಿಸಿದವಳಲ್ಲ, ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲಿದ್ದಳು. ಫೋನು ಎತ್ತಿದ್ದು ಗಂಡ.

“ಭಾನುವಾರ ತೀರ್ಕೊಂಡ್ಳಮ್ಮ. ಆದ್ರೆ ಯಾರಿಗೆ ಅಂತ ತೀರ್ಮಾನ ಮಾಡಿದ್ಳು. ನಾನು ಹೇಳ್ತೀನಿ, ಬರ್ಕೋ.”

ಪಟ್ಟಿಯಲ್ಲಿ ಹೆಸರಿದ್ದವರ ಬಾಯಿಂದಲೇ ಬರಬೇಕು, ಅದು ನಮ್ಮ ನಿಯಮ. ಹಾಗಂತ ಹೇಳಿದೆ, ಕಾಗದ ನೋಡಿ ಓದಿದ ಹಾಗೆ.

“ಐವತ್ತೆರಡು ವರ್ಷ ಸಂಸಾರ ಮಾಡಿದೋನು ನಾನು. ಇನ್ಯಾರನ್ನ ಕೇಳ್ತೀಯ?” ಅಂದ. ನಾನೇ ಫೋನು ಇಟ್ಟೆ.

ಪ್ರತಿ ಕರೆ ಮುಗಿದ ಮೇಲೂ ಏನಾಯಿತು ಅಂತ ಪರದೆಯಲ್ಲಿ ಒಂದು ಸಾಲು ಒತ್ತಬೇಕು; ಅವಸರದಲ್ಲಿ ಒತ್ತಿ ಮುಂದಿನ ನಂಬರಿಗೆ ಹೋದೆ. ‘ಮೃತರು’ ಅನ್ನುವುದನ್ನು ಬಿಟ್ಟು ಅದರ ಮೇಲಿನ ಸಾಲನ್ನು ಒತ್ತಿದ್ದೇನೆ ಅಂತ ಬಸ್ಸಿನಲ್ಲಿ ಹೊಳೆಯಿತು. ಆ ಸಾಲು, ‘ಮನೆಯಲ್ಲಿಲ್ಲ, ನಾಳೆ ಮತ್ತೆ ಕರೆ ಮಾಡಿ’. ಮೇಲ್ವಿಚಾರಕಿ ಡೋರೀನ್‌ಗೆ ಫೋನು ಮಾಡಿ ಹೇಳಿದರೆ, “ನಾಳೆಯ ಪಟ್ಟಿ ಆಗ್ಲೇ ಹೊರಟೋಯ್ತು. ತಲೆ ಕೆಡಿಸ್ಕೋಬೇಡ, ಮಲ್ಕೋ” ಅಂದಳು.

ನಾಳೆ ನನಗೆ ರಜೆ. ನಮ್ಮಲ್ಲೇ ಯಾರೋ ಒಬ್ಬರು, ನಮಗೆ ಕಲಿಸಿರುವ ಆ ನಗುದನಿಯಲ್ಲಿ, ಒಡೆಟ್ ಇದ್ದಾರಾ ಅಂತ ಆ ಮುದುಕನನ್ನು ಕೇಳುತ್ತಾರೆ.