ಮಾಸ್ತರರ ಆಲಿಕೆ, ನನ್ನ ಕೊಳವೆ

ಪ್ರೀತಿಯ ಅಬ್ಬಾ,

ನಿಮಗೆ ಓದಲು ಬರುತ್ತಿರಲಿಲ್ಲ, ನಿಜ. ನೀವಿರುವಲ್ಲಿ ಓದು ಬಲ್ಲವರು ಒಬ್ಬರಾದರೂ ಇದ್ದಾರು. ಅವರಿಗೊಂದು ಬೀಡಿ ಕೊಟ್ಟು ಇದನ್ನು ಓದಿಸಿಕೊಳ್ಳಿ. ಸುದ್ದಿ ಒಳ್ಳೆಯದೇ ಇದೆ.

ಮಾಸ್ತರರು ನಿಮ್ಮನ್ನು ಶಾಲೆಗೆ ಕರೆಸಿದ್ದು ನೆನಪಿದೆಯೇ? ಜ್ವರ ಬಂದು ನನ್ನ ಕಿವಿ ಮುಕ್ಕಾಲು ಮುಚ್ಚಿಹೋಗಿತ್ತು. "ಕಿವಿ ಕೇಳದ ಹುಡುಗಿಗೆ ಶಾಲೆ ಎಂತಕ್ಕೆ ಸಾಹೇಬ್ರೆ?" ಎಂದು ಕೇಳಿದರಂತೆ. ಅವರು ಕೆಟ್ಟವರಲ್ಲ, ದಾರಿ ಕಾಣದೆ ಕೇಳಿದ್ದು. ನೀವು ಮಾತ್ರ ಒಂದು ವಾರ ತಡೆಯಿರಿ ಎಂದು ಬಂದುಬಿಟ್ಟಿರಿ. ಆ ವಾರದೊಳಗೆ ಏನೂ ಆಗದಿದ್ದರೆ ನಾನು ಇವತ್ತು ಎಲ್ಲಿರುತ್ತಿದ್ದೆನೋ…

ನಿಮ್ಮ ಬುದ್ಧಿ ಮೊದಲು ಓಡಿದ್ದು ಮೋಟಾರಿನ ಕಡೆಗೇ. ಸಿರಸಿಯಿಂದ ಸಿದ್ದಾಪುರಕ್ಕೆ ಮೋಟಾರು ಗಾಡಿ ಹೊಡೆಯುವವರ ಬುದ್ಧಿ ಇನ್ನೆಲ್ಲಿಗೆ ಹೋದೀತು? ಹಳೆಯ ಹಿತ್ತಾಳೆಯ ಹಾರ್ನು ಬಿಚ್ಚಿ ತಂದು ನನ್ನ ಕೈಗೆ ಕೊಟ್ಟಿರಿ. ತರಗತಿಯಲ್ಲಿ ಅದನ್ನು ಕಿವಿಗೆ ಹಿಡಿದೆ. ಅಷ್ಟರಲ್ಲೇ ಎಲ್ಲರೂ ಒಟ್ಟಿಗೆ ಮಗ್ಗಿ ಕೂಗತೊಡಗಿದರು. ಇಡೀ ತರಗತಿ ನನ್ನ ತಲೆಯೊಳಗೆ ನುಗ್ಗಿದಂತಾಗಿ, ಹಾರ್ನು ಬಿಸಾಡಿ ಮನೆಗೆ ಓಡಿಬಂದೆ. ಅಮ್ಮಿ ನಿಮಗೆ ಬೈದದ್ದು ನನಗೂ ಕೇಳಿಸಿತ್ತು ಎಂದರೆ ನೋಡಿ.

ಆಮೇಲೆ ನೀವು ಅಮ್ಮಿಯ ಚಿಮಣಿಎಣ್ಣೆ ಸುರಿಯುವ ಆಲಿಕೆಯನ್ನೇ ಕದ್ದು, ಮೋಟಾರಿನ ರಬ್ಬರ್ ಕೊಳವೆಗೆ ಸಿಕ್ಕಿಸಿದಿರಿ. ಕೊಳವೆಯ ತುದಿ ನನ್ನ ಕಿವಿಗೆ, ಆಲಿಕೆ ನಿಮ್ಮ ಬಾಯಿಗೆ. ಏನು ಮಾತಾಡುವುದೆಂದು ತೋಚದೆ ನೀವು ದಿನಾ ಗಾಡಿ ತುಂಬಿಸಲು ಕೂಗುವುದನ್ನೇ ಕೂಗಿದಿರಿ: "ಕಾನಸೂರು, ಸಿದ್ದಾಪುರ! ಬೇಗ ಹತ್ರಿ, ಬೇಗ ಹತ್ರಿ!" ಜ್ವರದ ನಂತರ ನನಗೆ ಬಿಡಿಬಿಡಿಯಾಗಿ ಕೇಳಿದ ಮೊದಲ ಮಾತು ಅದು. ನಾನು ಅತ್ತೆ, ನೀವೂ ಅತ್ತಿರಿ, ಅಮ್ಮಿ ಮಾತ್ರ ಆಲಿಕೆ ಎಲ್ಲಿ ಎಂದು ಹುಡುಕುತ್ತಿದ್ದಳು.

ಶಾಲೆಯಲ್ಲಿ ಮಾಸ್ತರರು ಆಲಿಕೆಯನ್ನು ಬಾಯಿಯ ಹತ್ತಿರ ತಂದವರು ಅಲ್ಲೇ ನಿಂತರು. ನಿಮ್ಮ ಬಾಯಿ ಮುಟ್ಟಿದ ಎಂಜಲು. ಅದಕ್ಕೆ ಅವರು ಬಾಯಿ ಇಡುವುದು ಹೇಗೆ? ಬೇಡವೆನ್ನಲೂ ಅವರಿಗೆ ಮನಸ್ಸಿಲ್ಲ. ನೀವು ಬೇಸರಪಡಲಿಲ್ಲ. ಮರುದಿನ ತಗಡಿನವನ ಹತ್ತಿರ ಹೊಸ ಆಲಿಕೆ ಮಾಡಿಸಿ ತಂದಿರಿ. "ಇದು ನಿಮ್ದೇ ಮಾಸ್ತರ್ರೆ, ಇಲ್ಲೇ ಗೂಟಕ್ಕೆ ನೇತು ಹಾಕಿ. ಕೊಳವೆ ಅಷ್ಟೇ ನನ್ನ ಮಗಳದು." ಮನೆಯಲ್ಲಿ ಎಷ್ಟು ಸಲ ಈ ಮಾತನ್ನು ಹೇಳಿಕೊಂಡು ಮೀಸೆ ತಿರುವಿದ್ದೀರಿ! ಮಾಸ್ತರರು ನಕ್ಕದ್ದು ನನಗೆ ಕೇಳಲಿಲ್ಲ, ಹೊಟ್ಟೆ ಕುಣಿದದ್ದು ಕಂಡೆ. ಎರಡು ಮಳೆಗಾಲ ಕಳೆಯುವುದರೊಳಗೆ ನನ್ನ ಗೆಳತಿಯರೆಲ್ಲ ಅದೇ ಆಲಿಕೆಯಲ್ಲಿ ಕೂಗುತ್ತಿದ್ದರು, ಮಾಸ್ತರರು ಒರೆಸದೆಯೇ ಇಸಿದುಕೊಳ್ಳುತ್ತಿದ್ದರು. ಯಾವ ದಿನದಿಂದ ಹಾಗಾಯಿತೋ ಯಾರಿಗೂ ಗೊತ್ತಿಲ್ಲ.

ನೀವು ಹೋದ ಮೇಲೆ ಬಂದ ಸುದ್ದಿ ಈಗ ಹೇಳುತ್ತೇನೆ. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದೆ. ಸಿದ್ದಾಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಈಗ ನಾನು ಅಕ್ಕೋರು! ಹೊರಡುವಾಗ ಮಾಸ್ತರರು ಗೂಟದಿಂದ ಆಲಿಕೆ ತೆಗೆದು, ಇದೂ ನಿನ್ನದೇ ಎಂದು ಕೊಟ್ಟರು. ಮಕ್ಕಳು ಅದರಲ್ಲೇ ನನಗೆ ಪಾಠ ಒಪ್ಪಿಸುತ್ತಾರೆ.

ಮೊನ್ನೆ ಹೆಗ್ಗರಣೆಯ ಕಡೆಯ ಒಂದು ಮಗು ಬಂತು. ಹೆಸರು ಕರೆದರೆ ತಿರುಗುವುದಿಲ್ಲ. ಮನೆಗೆ ಕಳಿಸಿಬಿಡುವುದೇ ಲೇಸೆಂದರು ನಮ್ಮ ದೊಡ್ಡ ಅಕ್ಕೋರು. ನಾನೂ ನಿಮ್ಮ ಹಾಗೆ ಒಂದು ವಾರದ ಗಡುವು ಕೇಳಿದೆ. ಕೊಳವೆಯನ್ನು ಅವಳ ಕಿವಿಗಿಟ್ಟು ಆಲಿಕೆ ಹಿಡಿದರೆ, ಅ ಆ ಇ ಈ ಹೇಳಬೇಕಾದ ನನ್ನ ಬಾಯಿಂದ ಬಂದದ್ದೇನು ಗೊತ್ತೇ? "ಕಾನಸೂರು, ಸಿದ್ದಾಪುರ! ಬೇಗ ಹತ್ರಿ!"

ಹುಡುಗಿ ಎದ್ದು ಕಿಟಕಿಯಾಚೆ ಇಣುಕಿದಳು. ಆಮೇಲೆ ಕೊಳವೆಯನ್ನು ನನ್ನ ಕಿವಿಗೆ ತುರುಕಿ, ಆಲಿಕೆಗೆ ಬಾಯಿ ಇಟ್ಟು ಕೇಳಿದಳು:

"ಅಕ್ಕೋರೆ, ಮೋಟಾರು ಎಲ್ಲಿದ್ದು?"

ಬರುತ್ತದೆ, ನಾಳೆಯೂ ಇಲ್ಲೇ ಕೂತಿರು ಎಂದಿದ್ದೇನೆ.

ನಿಮ್ಮ ಮಗಳು,
ಜೈನಬ್